ಅಥೆನ್ಸಿನ ಗೂಬೆಗೆ ಬೆಲೆ ಕಟ್ಟಿದ್ದು: ನನ್ನ ಅನುಭವ

ಕಳೆದ ಚಳಿಗಾಲದ ಎರಡು ಹರಾಜುಗಳಿಗೆ ಮುನ್ನ ಒಂದು ಬದಿ ಅಥೀನಾ ದೇವಿಯ ಮುಖ, ಇನ್ನೊಂದು ಬದಿ ಗೂಬೆ ಇರುವ ಪ್ರಾಚೀನ ಅಥೆನ್ಸಿನ 'ಗೂಬೆ' ನಾಣ್ಯಗಳ ಸುಮಾರು 40 ಲಾಟುಗಳಿಗೆ ನಾನು ಬೆಲೆ ಬರೆದಿಟ್ಟಿದ್ದೆ. ಅವುಗಳಲ್ಲಿ 32ರಷ್ಟು ನನ್ನ ಅಂದಾಜಿಗಿಂತ ಶೇ. 10–12ರ ಆಚೀಚೆಯಲ್ಲೇ ಮುಗಿದವು. "ಗ್ರೇಡ್ ಒಂದು ಗೊತ್ತಿದ್ದರೆ ಸಾಕು, ಉಳಿದದ್ದು ಕೊಳ್ಳುವವನ ಹುಚ್ಚು" ಎಂದು ಐದು ವರ್ಷ ನನ್ನ ಪಟ್ಟಿಯನ್ನು ನೋಡಿ ನಗುತ್ತಿದ್ದ ಲಂಡನ್ನಿನ ಗೆಳೆಯರು ಈಗ ಹರಾಜಿನ ಹಿಂದಿನ ರಾತ್ರಿ ಫೋನ್ ಮಾಡುತ್ತಾರೆ.

ನಾನು ಹಿಡಿದಿರುವುದು ಕ್ರಿ.ಪೂ. 454ರಿಂದ 404ರವರೆಗಿನ ಟೆಟ್ರಾಡ್ರಾಕ್ಮಗಳನ್ನು, ಅಂದರೆ ನಾಲ್ಕು ಡ್ರಾಕ್ಮದ ಬೆಳ್ಳಿ ನಾಣ್ಯಗಳನ್ನು ಮಾತ್ರ. ಲಾರಿಯನ್ ಗಣಿಗಳ ಬೆಳ್ಳಿಯಲ್ಲಿ ಅಥೆನ್ಸ್ ಇವನ್ನು ಅಪಾರ ಸಂಖ್ಯೆಯಲ್ಲಿ ಟಂಕಿಸಿದ್ದರಿಂದ ಹೋಲಿಸಿ ನೋಡಲು ಬೇಕಾದಷ್ಟು ಮಾರಾಟದ ದಾಖಲೆಗಳು ಸಿಗುತ್ತವೆ. ಸಿಸಿಲಿಯ ಸಿರಕ್ಯೂಸ್ ನಗರದ ಡೆಕಾಡ್ರಾಕ್ಮಕ್ಕೆ (ಹತ್ತು ಡ್ರಾಕ್ಮದ ದೊಡ್ಡ ನಾಣ್ಯ) ಈ ವಿಧಾನ ಒಗ್ಗುವುದಿಲ್ಲ. ಅಲ್ಲಿ ಹಣವಂತರಿಬ್ಬರು ಹಟಕ್ಕೆ ಬಿದ್ದರೆ ಲೆಕ್ಕವೆಲ್ಲ ತಲೆಕೆಳಗು.

ಮೊದಲ ಪೆಟ್ಟು ಬಿದ್ದದ್ದು 'ಇಎಫ್' (ಎಕ್ಸ್‌ಟ್ರೀಮ್ಲಿ ಫೈನ್, ಬಹುತೇಕ ಸವೆಯದ ನಾಣ್ಯ) ಎಂಬ ಗ್ರೇಡನ್ನು ಕಣ್ಣುಮುಚ್ಚಿ ನಂಬಿದ್ದಕ್ಕೆ. 750 ಪೌಂಡಿಗೆ ನಿಂತ ಲಾಟು ಕಮಿಷನ್, ಶೇ. 5ರ ಆಮದು ತೆರಿಗೆ, ಅಂಚೆ ಎಲ್ಲ ಸೇರಿ ಸಾವಿರದ ಹತ್ತಿರಕ್ಕೆ ಬಂತು. ತೂಕ 17.2 ಗ್ರಾಂ ಸರಿಯಾಗಿಯೇ ಇತ್ತು, ಸವೆತವೂ ಇರಲಿಲ್ಲ. ಆದರೆ ಅಥೀನಾಳ ಶಿರಸ್ತ್ರಾಣದ ತುರಾಯಿ ಟಂಕಿಸುವಾಗಲೇ ಬೆಳ್ಳಿಯ ಬಿಲ್ಲೆಯಿಂದಾಚೆ ಹೋಗಿತ್ತು, ಕೆನ್ನೆಯನ್ನು ಯಾರೋ ಉಜ್ಜಿ ನಯ ಮಾಡಿದ್ದರು. ಒಳಗೆ ತಾಮ್ರವಿದೆಯೇ ಎಂದು ಪ್ರಾಚೀನ ವರ್ತಕನೊಬ್ಬ ಉಳಿಯಿಂದ ಹಾಕಿದ ಕಚ್ಚು, ಫೋಟೊದಲ್ಲಿ ಕಾಣದ ಅಂಚಿನಲ್ಲಿತ್ತು. ಕೇಳಿದರೆ, ಮೊದಲೇ ಬಂದು ನೋಡಬೇಕಿತ್ತು ಎಂದು ಮಾರಿದವರು ನನ್ನ ಮೇಲೆಯೇ ಗೂಬೆ ಕೂರಿಸಿದರು. ಮೂರು ವರ್ಷ ಇಟ್ಟುಕೊಂಡು 400ಕ್ಕೆ ಕೈಬಿಟ್ಟೆ.

ಆ ಬಳಿಕ ಗ್ರೇಡನ್ನು ಒಡೆದು ಬಿಡಿಬಿಡಿಯಾಗಿ ನೋಡತೊಡಗಿದೆ. ನಾಣ್ಯಗಳಿಗೆ ಗ್ರೇಡ್ ಕೊಡುವ ಅಮೆರಿಕದ ಎನ್‌ಜಿಸಿ ಕಂಪನಿಯವರೂ ಟಂಕಕ್ಕೆ (ಅಚ್ಚು ಬಿದ್ದ ಬಗೆಗೆ) ಮತ್ತು ಮೇಲ್ಮೈಗೆ ಐದರಲ್ಲಿ ಅಂಕ ಕೊಡುತ್ತಾರೆ. ನಾನು ಅಂಕ ಬಿಟ್ಟು ನೇರವಾಗಿ ಹಣದ ಲೆಕ್ಕಕ್ಕೇ ಇಳಿದೆ. ಕಳೆದ ಒಂದೂವರೆ ವರ್ಷದ ಮಾರಾಟಗಳ ನಟ್ಟನಡುವಿನ ಬೆಲೆಯೇ ನನ್ನ ಮೂಲಬೆಲೆ. ತುರಾಯಿ ಪೂರ್ತಿಯಾಗಿ ಮೂಡಿದ್ದರೆ ಅದರ ಅರ್ಧದಷ್ಟನ್ನು ಸೇರಿಸುತ್ತೇನೆ. ಮೂಗಿನ ತುದಿ ಬಿಲ್ಲೆ ದಾಟಿದ್ದರೆ ಮೂರನೇ ಒಂದು ಭಾಗ ಕಳೆಯುತ್ತೇನೆ. ಕಚ್ಚು ಗೂಬೆಯ ಪಕ್ಕದ ಬಯಲಿನಲ್ಲಿದ್ದರೆ ಕಾಲುಭಾಗ, ದೇವಿಯ ಮುಖದ ಮೇಲಿದ್ದರೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಹಳೆಯ ಹರಾಜಿನ ರಸೀದಿ ಜೊತೆಗಿದ್ದರೆ ಶೇ. 10–15 ಏರಿಸುತ್ತೇನೆ.

ಇಷ್ಟಾದರೂ ಮೊದಲ ವರ್ಷ ಲೆಕ್ಕ ಕೂಡಲಿಲ್ಲ. ಕೆಲವು ದಾಖಲೆಗಳಲ್ಲಿದ್ದದ್ದು ಹರಾಜಿನಲ್ಲಿ ಸುತ್ತಿಗೆ ಬಿದ್ದ ಬರೀ ಬೆಲೆ, ಉಳಿದವುಗಳಲ್ಲಿ ಶೇ. 20ರ ಕಮಿಷನ್ ಸೇರಿದ ಬೆಲೆ. ಎರಡನ್ನೂ ಒಂದೇ ಪಟ್ಟಿಗೆ ತುಂಬಿದ್ದೆ. ಸಾಲದ್ದಕ್ಕೆ ಹತ್ತು ವರ್ಷ ಹಳೆಯ ಬೆಲೆಗಳನ್ನೂ ಸೇರಿಸಿದ್ದೆ. ಈಚಿನ ವರ್ಷಗಳಲ್ಲಿ ನೆಲದಲ್ಲಿ ಸಿಕ್ಕ ದೊಡ್ಡ ನಿಧಿಗಳಿಂದ ಬಂದ ಗೂಬೆಗಳು ಮಾರುಕಟ್ಟೆಯನ್ನು ತುಂಬಿ ಬೆಲೆಯನ್ನು ಇಳಿಸಿದ್ದರಿಂದ ಆ ಹಳೆಯ ಅಂಕಿಗಳು ಯಾವ ಕೆಲಸಕ್ಕೂ ಬರಲಿಲ್ಲ.

ನಡುವೆ ಒಂದಿಷ್ಟು ಅಡ್ಡಪ್ರಯೋಗಗಳೂ ನಡೆದವು. ಆಭರಣದ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಗಾಳದ ದಾರದಲ್ಲಿ ನಾಣ್ಯವನ್ನು ಇಳಿಬಿಟ್ಟು ಸಾಂದ್ರತೆ ಅಳೆದೆ. 17.18 ಗ್ರಾಮಿನ ನನ್ನ ಗೂಬೆ ನೀರಿನಲ್ಲಿ 1.65 ಗ್ರಾಂ ಕಳೆದುಕೊಂಡಿತು, ಅಂದರೆ ಸಾಂದ್ರತೆ 10.4, ಶುದ್ಧ ಬೆಳ್ಳಿಯದು 10.49. ಗೆಳೆಯನೊಬ್ಬ ಹೆಮ್ಮೆಯಿಂದ ತಂದ ನಾಣ್ಯ 9.2 ತೋರಿಸಿತು: ಬೆಳ್ಳಿ ಹೊದಿಸಿದ ತಾಮ್ರ. ಅವನು ಎರಡು ತಿಂಗಳು ಮಾತು ಬಿಟ್ಟ. ಕೊಂಬುಬೆಳ್ಳಿ (ಸಿಲ್ವರ್ ಕ್ಲೋರೈಡಿನ ಪದರ) ಕಟ್ಟಿದ್ದ ಒಂದು ಪುಟ್ಟ ಓಬೊಲ್ ನಾಣ್ಯವನ್ನು ಸೋಡಿಯಂ ಥಯೊಸಲ್ಫೇಟ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಹಾಕಿದ್ದೆ. ಬೆಳಗ್ಗೆ ನೋಡಿದರೆ ಮೈಯೆಲ್ಲ ತೂತು. ಒರೆಸಲು ಹೋದಾಗ ಬಿಸ್ಕತ್ತಿನಂತೆ ಎರಡಾಗಿ ಮುರಿಯಿತು, ಒಳಗಿನ ಬೆಳ್ಳಿ ಹರಳುಗಟ್ಟಿತ್ತು. 35 ಪೌಂಡು ಅಕ್ಷರಶಃ ನೀರುಪಾಲಾಯಿತು.

ಕಣ್ಣು ಪಳಗಿದ್ದು ಬ್ರಿಟಿಷ್ ಮ್ಯೂಸಿಯಂನ ನಾಣ್ಯ ವಿಭಾಗದಲ್ಲಿ, ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಿ ಅಲ್ಲಿನ ಗೂಬೆಗಳನ್ನು ತಟ್ಟೆ ತಟ್ಟೆಯಾಗಿ ನೋಡಿದ ಮೇಲೆ. ಅಂಚೊಂದನ್ನೇ ನೋಡಿ ನಕಲಿಯನ್ನು ಹಿಡಿಯುವ ನನ್ನ ಕ್ರಮವನ್ನು ಮಾತ್ರ ಇಲ್ಲಿ ಬರೆಯಲಾರೆ. ಹರಾಜಿನಲ್ಲಿ ನನಗೆ ಪೈಪೋಟಿಯಾಗಿ ಬೆಲೆ ಕೂಗುವವರಲ್ಲಿ ಇಬ್ಬರಿಗೆ ಕನ್ನಡ ಬರುತ್ತದೆ.

ಲೆಕ್ಕ ತಪ್ಪಿದ ಎಂಟು ಲಾಟುಗಳಲ್ಲಿ ಐದು, ಹಳೆಯ ಮರದ ಪೆಟ್ಟಿಗೆಗಳಲ್ಲಿ ದಶಕಗಟ್ಟಲೆ ಕುಳಿತು ನೀಲಿ-ಕಪ್ಪು ಬಣ್ಣಕ್ಕೆ ತಿರುಗಿದ್ದ ನಾಣ್ಯಗಳು. ಒಂದಂತೂ ನಾನು ಬರೆದದ್ದರ ಎರಡರಷ್ಟಕ್ಕೆ ಹೋಯಿತು. ಬಣ್ಣಕ್ಕೆಂದೇ ಪಟ್ಟಿಯಲ್ಲಿ ಹೊಸ ಕಾಲಂ ಎಳೆದಿದ್ದೇನೆ. ಸದ್ಯಕ್ಕೆ ಅದರಲ್ಲಿ ಐದೇ ಅಂಕಿಗಳಿವೆ.