ಡೇಟ್ ದಾಟಿದಾಗ ನೋವು ಬರಿಸುವ ಮಾತ್ರೆ: ಆಸ್ಪತ್ರೆಯಲ್ಲಿ ಏನೇನು ಮಾಡುತ್ತಾರೆ?

ಹೆರಿಗೆಯ ಡೇಟ್ ದಾಟಿದೆ, ನೋವು ಬಂದಿಲ್ಲ. ‘ಅಡ್ಮಿಟ್ ಆಗಿ, ಮಾತ್ರೆ ಕೊಟ್ಟು ನೋವು ಬರಿಸೋಣ’ ಅನ್ನುತ್ತಾರೆ ಡಾಕ್ಟರು. ಮಗಳ ಹೆರಿಗೆಗೆಂದು ಕಲಬುರಗಿಯಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ಅಮ್ಮನಿಗೆ ಅಲ್ಲಿಂದಲೇ ಚಿಂತೆ ಶುರು. ಏನೇನು ನಡೆಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಆಸ್ಪತ್ರೆಯಲ್ಲಿ ಮಾತ್ರ ಆಗಬೇಕಾದ ಕೆಲಸ. ಮನೆಯಲ್ಲಿ ಈ ಮಾತ್ರೆ ನುಂಗಲೇಬಾರದು. ಹರಳೆಣ್ಣೆ ಕುಡಿಸಿ ನೋಡೋಣ ಅನ್ನುವುದೂ ಬೇಡ.

ಮೊದಲು ದಿನದ ಲೆಕ್ಕ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ. ಮುಟ್ಟು ಏರುಪೇರಿದ್ದರೆ ಮೊದಲ ತಿಂಗಳುಗಳ ಸೋನೋಗ್ರಫಿಯೇ ಆಧಾರ. ಆ ರಿಪೋರ್ಟ್ ಫೈಲಿನಲ್ಲಿ ಮೇಲೆಯೇ ಇರಲಿ. 41 ವಾರ ತುಂಬಿದರೆ, ಬಿಪಿ ಏರಿದರೆ, ನೀರು ಹೋಗಿಯೂ ನೋವು ಬರದಿದ್ದರೆ ಡಾಕ್ಟರು ಮಾತ್ರೆಯ ಮಾತು ಎತ್ತುತ್ತಾರೆ. ಯಾವ ಕಾರಣಕ್ಕೆ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಈಗ ತುಂಬ ಮುಖ್ಯವಾದದ್ದು. ನಮ್ಮ ಮುಂಬೈ ಕನ್ನಡಿಗರಲ್ಲಿ ಮೊದಲ ಹೆರಿಗೆ ತವರಲ್ಲಿ, ಎರಡನೆಯದು ಮುಂಬೈಯಲ್ಲಿ ಆಗುವುದು ಜಾಸ್ತಿ ಅಲ್ವಾ? ಮೊದಲನೆಯದು ಸಿಸೇರಿಯನ್ ಆಗಿದ್ದರೆ, ಗರ್ಭಕೋಶದ ಮೇಲೆ ಬೇರೆ ಯಾವುದೇ ಆಪರೇಷನ್ ಆಗಿದ್ದರೆ, ಈ ಮಾತ್ರೆ ಕೊಡಬಾರದು. ಹಳೆಯ ಹೊಲಿಗೆ ಬಿಚ್ಚಿ ಗರ್ಭಕೋಶ ಹರಿಯುವ ಅಪಾಯವಿದೆ. ಆದರೆ ಆ ಡಿಸ್ಚಾರ್ಜ್ ಕಾರ್ಡ್ ಊರಿನ ಬೀರುವಿನಲ್ಲೇ ಉಳಿದಿರುತ್ತದೆ! ಇವತ್ತೇ ಫೋನ್ ಮಾಡಿ, ವಾಟ್ಸಾಪಿನಲ್ಲಿ ಫೋಟೊ ತರಿಸಿಕೊಳ್ಳಿ.

ಮಾತ್ರೆಯ ಹೆಸರು ಮಿಸೊಪ್ರೋಸ್ಟಾಲ್. ಹೊಟ್ಟೆ ಹುಣ್ಣಿಗೆಂದು ಬಂದ ಔಷಧ ಇದು. ಗರ್ಭಕೋಶದ ಬಾಯಿ ಮೆತ್ತಗಾಗಿಸಿ, ನೋವು ಎಬ್ಬಿಸುತ್ತದೆ. ಕೊಡುವ ಮುಂಚೆ ಒಳಗೆ ಪರೀಕ್ಷೆ ಮಾಡಿ ಬಾಯಿ ಎಷ್ಟು ತೆರೆದಿದೆ ನೋಡುತ್ತಾರೆ. ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತ ದಾಖಲಿಸುತ್ತಾರೆ. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿ.

ಪ್ರಮಾಣ ತೀರಾ ಸಣ್ಣದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 25 ಮೈಕ್ರೋಗ್ರಾಂ, ಎರಡು ಗಂಟೆಗೊಮ್ಮೆ. 25ರ ಮಾತ್ರೆ ಇಲ್ಲದ ಕಡೆ 200ರ ಒಂದು ಮಾತ್ರೆಯನ್ನು 200 ಎಂಎಲ್ ನೀರಲ್ಲಿ ಕರಗಿಸಿ, ಪ್ರತಿ ಸಲ ಚೆನ್ನಾಗಿ ಕಲಕಿ 25 ಎಂಎಲ್ ಅಳೆದು ಕುಡಿಸುತ್ತಾರೆ. ಮಾತ್ರೆ ಮುರಿದರೆ ಚೂರುಗಳು ಸಮ ಆಗುವುದಿಲ್ಲ, ಅದಕ್ಕೆ. ನುಂಗಿದ ಮೇಲೆ ವಾಪಸ್ ತೆಗೆಯಲು ಆಗದು. ‘ಇನ್ನೊಂದು ಬೇಗ ಕೊಡಿ ಸಿಸ್ಟರ್’ ಅಂತ ದಯವಿಟ್ಟು ಒತ್ತಾಯ ಮಾಡಬೇಡಿ.

ಈ ವಿಧಾನವನ್ನು ನಮ್ಮ ಮಹಾರಾಷ್ಟ್ರದಲ್ಲೇ, ನಾಗಪುರದಲ್ಲಿ, ಬಿಪಿ ಇದ್ದ 602 ಗರ್ಭಿಣಿಯರಲ್ಲಿ ಪರೀಕ್ಷಿಸಿ ನೋಡಿದ್ದಾರೆ. 2017ರಲ್ಲಿ ಫಲಿತಾಂಶ ಬಂತು. ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು 57 ಶೇಕಡಾ ಮಂದಿಗೆ 24 ಗಂಟೆಯೊಳಗೆ ಸಹಜ ಹೆರಿಗೆ ಆಯಿತು. ಮಾತ್ರೆಯ ಬದಲು ಬಲೂನ್ ಕ್ಯಾತಿಟರ್, ಅಂದರೆ ಗರ್ಭಕೋಶದ ಬಾಯಿ ತೆರೆಯಲು ತುದಿಯಲ್ಲಿ ಬಲೂನ್ ಇರುವ ನಳಿಕೆ, ಹಾಕಿದವರಲ್ಲಿ 47 ಶೇಕಡಾ. ಅಂದರೆ ಎಲ್ಲರಿಗೂ ಒಂದೇ ದಿನದಲ್ಲಿ ಆಗುವುದಿಲ್ಲ. ಚೊಚ್ಚಲ ಹೆರಿಗೆಗೆ ಇನ್ನೂ ಹೊತ್ತು ಹಿಡಿಯಬಹುದು. ಕೆಲವರಿಗೆ ಕೊನೆಗೆ ಸಿಸೇರಿಯನ್ ಬೇಕಾಗುತ್ತದೆ. ಅದರಲ್ಲಿ ಹುಡುಗಿಯ ತಪ್ಪೇನೂ ಇಲ್ಲ.

ನೋವು ಸರಿಯಾಗಿ ಕೂತಮೇಲೆ, ಅಂದರೆ 10 ನಿಮಿಷಕ್ಕೆ ಮೂರು ಸಲದಂತೆ ಬರಲು ಶುರುವಾದ ಮೇಲೆ, ಮಾತ್ರೆ ನಿಲ್ಲಿಸುತ್ತಾರೆ. ನೋವು ಹೆಚ್ಚಿಸುವ ಡ್ರಿಪ್ ಬೇಕಾದರೂ ತಕ್ಷಣ ಹಾಕುವುದಿಲ್ಲ, ಕೊನೆಯ ಮಾತ್ರೆಯಾಗಿ ಕೆಲವು ಗಂಟೆ ಕಾಯುತ್ತಾರೆ. ಚಳಿ, ಸ್ವಲ್ಪ ಜ್ವರ, ಭೇದಿ ಆಗಬಹುದು. ಅವು ತಾವಾಗಿ ಇಳಿಯುತ್ತವೆ, ಆದರೂ ಸಿಸ್ಟರ್‌ಗೆ ಹೇಳಿ.

ಹತ್ತಿರ ಕೂತವರು ಗಡಿಯಾರ ನೋಡುತ್ತಿರಿ. 10 ನಿಮಿಷದಲ್ಲಿ ಐದಕ್ಕಿಂತ ಜಾಸ್ತಿ ಸಲ ನೋವು ಬಂದರೆ, ಹೊಟ್ಟೆ ಸಡಿಲವೇ ಆಗದೆ ಗಟ್ಟಿಯಾಗಿ ನಿಂತರೆ, ರಕ್ತ ಹೋದರೆ, ಮಗುವಿನ ಆಟ ಕಡಿಮೆ ಅನ್ನಿಸಿದರೆ, ಒಂದು ನಿಮಿಷವೂ ಕಾಯದೆ ಕೂಗಿ ಕರೆಯಿರಿ. ಆಗ ಎಡಮಗ್ಗುಲಿಗೆ ಮಲಗಿಸಿ, ಗರ್ಭಕೋಶ ಸಡಿಲಾಗಲು ಇಂಜೆಕ್ಷನ್ ಕೊಡಬೇಕಾಗಬಹುದು. ಮರಾಠಿ ಬರದ ಅಮ್ಮನ ಜೊತೆ ಭಾಷೆ ಬಲ್ಲವರೊಬ್ಬರು ರಾತ್ರಿಯೂ ಇರಲಿ.