ಹಳೇ ಬೈಕ್ ಕೊಳ್ಳುವಾಗ ಗೇರ್‌ಬಾಕ್ಸ್ ನೋಡುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಬಣ್ಣ, ಟೈರ್, ಮೀಟರ್ ಮೇಲೆ. ಗೇರ್‌ಬಾಕ್ಸ್ ಹೊರಗೆ ಕಾಣುವುದಿಲ್ಲ, ಹಾಗಾಗಿ ಅದನ್ನು ಬಿಟ್ಟೇಬಿಡುತ್ತಾರೆ. ಜೇಬಿಗೆ ಜಾಸ್ತಿ ಹೊಡೆತ ಬೀಳುವುದು ಮಾತ್ರ ಅಲ್ಲೇ. ಟೈರ್ ಸವೆದರೆ ಬೇರೆ ಹಾಕಿಸಬಹುದು. ಒಳಗಿನ ಗೇರ್ ಹೋದರೆ, ನಮ್ಮಲ್ಲಿ ಓಡುವ ಹೆಚ್ಚಿನ ಬೈಕ್‌ಗಳಲ್ಲಿ ಎಂಜಿನ್ ಕೆಳಗಿಳಿಸಿ ಎರಡು ಹೋಳು ಮಾಡಿಯೇ ಕೈ ಹಾಕಬೇಕು. ಇನ್ನೊಂದು ಕಡೆ, 'ಗೇರ್ ಸರಿಯಿಲ್ಲ' ಅಂತ ಜನ ಬಿಟ್ಟು ಬರುವ ಎಷ್ಟೋ ಗಾಡಿಗಳಲ್ಲಿ ಕೆಟ್ಟಿರುವುದು ಬರೀ ಕ್ಲಚ್ ವೈರ್. ಯಾವುದು ಗೇರ್‌ಬಾಕ್ಸ್ ತೊಂದರೆ, ಯಾವುದಲ್ಲ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಫೋನಿನಲ್ಲೇ ಹೇಳಿಬಿಡಿ: "ಅಣ್ಣ, ನಾನು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ." ಹೋದ ಕೂಡಲೇ ಎಂಜಿನ್ ಪಕ್ಕ ಕೈ ಹಿಡಿದು ನೋಡಿ. ಬಿಸಿ ಇದ್ದರೆ ಟೀ ಕುಡಿದು ಬನ್ನಿ, ಆರಲಿ. ತಣ್ಣಗಿರುವಾಗ ಕೇಳುವ ಸದ್ದು ಬಿಸಿಯಾದ ಮೇಲೆ ಅಡಗಿಬಿಡಬಹುದು.

ಕೀ ಹಾಕುವ ಮೊದಲು

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ. ಎಂಜಿನ್ ಆಫ್ ಇರಲಿ, ಬೆರಳು ಚೈನಿನಿಂದ ದೂರ ಇರಲಿ. ಒಂದು ಕೈಯಲ್ಲಿ ಹಿಂದಿನ ಚಕ್ರ ನಿಧಾನಕ್ಕೆ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಗೇರ್ ಲಿವರ್ ಒತ್ತಿ. ಗೇರ್ ಬಿದ್ದಾಗ ಚಕ್ರ ಬಿಗಿಯಾಗುತ್ತದೆ, ಮೇಲಿನ ಗೇರ್‌ಗಳಲ್ಲಿ ಬಿಗಿ ಸ್ವಲ್ಪ ಕಡಿಮೆ. ಚಕ್ರ ತಿರುಗಿಸದೆ ಸುಮ್ನೆ ಒತ್ತಿದರೆ ಒಳ್ಳೆಯ ಗಾಡಿಯಲ್ಲೂ ಗೇರ್ ಬೀಳದೆ ಇರಬಹುದು, ಅದಕ್ಕೆ ಹೆದರಬೇಡಿ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರ್ ಮುಂದಕ್ಕೆ ಒತ್ತುವುದು, ಅಪಾಚೆಯಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಇದು ಗೊತ್ತಿಲ್ಲದೆ ಗಾಡಿಯನ್ನೇ ಬೈಯುವವರೂ ಇದ್ದಾರೆ.

ಪ್ರತಿ ಸಲ ಒತ್ತಿ ಬಿಟ್ಟಾಗ ಲಿವರ್ ತಾನಾಗಿ ತನ್ನ ಜಾಗಕ್ಕೆ ಬರಬೇಕು. ಬರದಿದ್ದರೆ ಒಳಗಿನ ರಿಟರ್ನ್ ಸ್ಪ್ರಿಂಗ್ ಮುರಿದಿರಬಹುದು. ಲಿವರ್ ಬುಡದಲ್ಲೇ ಲೊಡಲೊಡ ಅಂದರೆ ಬೋಲ್ಟ್ ಸಡಿಲವೋ ಹಲ್ಲು ಸವೆದಿದೆಯೋ ನೋಡಿ. ಅಲ್ಲೇ ಆಯಿಲ್ ಜಿನುಗುತ್ತಿದ್ದರೆ ಸೀಲ್ ಹೋಗಿದೆ, ಅದು ಸಣ್ಣ ಖರ್ಚು.

ಹಿಂದಿನ ಸ್ಪ್ರಾಕೆಟ್ ಹತ್ತಿರ ಚೈನ್ ಹಿಡಿದು ಹಿಂದಕ್ಕೆ ಎಳೆಯಿರಿ. ಹಲ್ಲು ಬಿಟ್ಟು ಎದ್ದು ಬಂದರೆ, ಅಥವಾ ಹಲ್ಲುಗಳು ಕೊಕ್ಕೆಯ ಹಾಗೆ ಬಾಗಿದ್ದರೆ ಚೈನ್ ಸೆಟ್ ಮುಗಿದಿದೆ. ಓಡಿಸುವಾಗ ಬರುವ ಎಷ್ಟೋ ಜರ್ಕ್, ಕಟಕಟ ಸದ್ದು ಇದರದ್ದೇ, ಇಲ್ಲವೇ ಹಿಂದಿನ ಚಕ್ರದ ಹಬ್ ರಬ್ಬರಿನದ್ದು.

ಆಯಿಲ್ ಕಡ್ಡಿ ತೆಗೆದು ಬಿಳಿ ಬಟ್ಟೆಗೆ ಒರೆಸಿ. ಕಪ್ಪಾಗಿದ್ದರೆ ಪರವಾಗಿಲ್ಲ. ಮಿನುಗುವ ಲೋಹದ ಪುಡಿ ಕಂಡರೆ ಯೋಚನೆ ಮಾಡಿ, ಚೂರುಗಳೇ ಇದ್ದರೆ ವಾಪಸ್ ಬನ್ನಿ. ಹಾಲು ಹಾಕಿದ ಕಾಫಿ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆ. ಸದ್ದು ಮುಚ್ಚಲು ತುಂಬಾ ಗಟ್ಟಿ ಆಯಿಲ್ ತುಂಬಿಸುವ ಹಳೇ ಉಪಾಯವೂ ಉಂಟು. ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಗಾಡಿ, ಹಳೇ ಕಾಸ್ಟ್ ಐರನ್ ಬುಲೆಟ್‌ಗಳಲ್ಲಿ ಗೇರ್‌ಬಾಕ್ಸ್‌ಗೆ ಬೇರೆಯೇ ಆಯಿಲ್ ಇರುತ್ತದೆ, ಅದನ್ನು ಬೇರೆಯಾಗಿ ನೋಡಬೇಕು.

ಸ್ಟಾರ್ಟ್ ಮಾಡಿ, ನಿಂತಲ್ಲೇ

ನ್ಯೂಟ್ರಲ್‌ನಲ್ಲಿ ಬಿಟ್ಟು ಕಿವಿಗೊಡಿ. ಗೊರಗೊರ ಸದ್ದು ಇದ್ದು, ಕ್ಲಚ್ ಹಿಡಿದ ಕೂಡಲೇ ನಿಂತರೆ ಅನುಮಾನ ಕ್ಲಚ್ ಹಬ್ ಅಥವಾ ಗೇರ್‌ಬಾಕ್ಸ್‌ನ ಮುಖ್ಯ ಶಾಫ್ಟ್ ಬೇರಿಂಗ್ ಮೇಲೆ. ಕ್ಲಚ್ ಹಿಡಿದರೂ ಹಾಗೇ ಇದ್ದರೆ ಮೆಕ್ಯಾನಿಕ್ ಎಂಜಿನ್ ಕಡೆ ಹುಡುಕುತ್ತಾನೆ.

ಈಗ ಕ್ಲಚ್ ಪೂರ್ತಿ ಹಿಡಿದು ಫಸ್ಟ್ ಹಾಕಿ. ಸಣ್ಣದಾಗಿ 'ಟಕ್' ಅನ್ನುವುದು ಮಾಮೂಲು. ಗಾಡಿ ಮುಂದಕ್ಕೆ ಎಳೆದು ಆಫ್ ಆದರೆ, ಅಥವಾ ನಿಂತಾಗ ಎಷ್ಟು ಮಾಡಿದರೂ ನ್ಯೂಟ್ರಲ್ ಸಿಗದಿದ್ದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ. ಸಾಮಾನ್ಯ ಬೈಕ್‌ಗಳಲ್ಲಿ ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಆಟ ಇರಬೇಕು. ಜಾಸ್ತಿ ಇದ್ದರೆ ವೈರ್ ಬಿಗಿ ಮಾಡಿಸಿ ಮತ್ತೆ ನೋಡಿ. ಈ ಒಂದು ಕಾರಣಕ್ಕೇ ಒಳ್ಳೆಯ ಗಾಡಿ ಕಡಿಮೆ ಬೆಲೆಗೆ ಸಿಕ್ಕರೆ ನಿಮ್ಮ ಅದೃಷ್ಟ, ಅಲ್ವಾ?

ರಸ್ತೆಗೆ ಇಳಿದ ಮೇಲೆ

ನಿಜವಾದ ಪರೀಕ್ಷೆ ಇಲ್ಲಿದೆ. ಮಾರುವವರನ್ನೇ ಹಿಂದೆ ಕೂರಿಸಿಕೊಳ್ಳಿ. ಗೇರ್‌ಗೆ ಭಾರವೂ ಬೀಳುತ್ತದೆ, ಗಾಡಿ ಎತ್ತಿಕೊಂಡು ಹೋದಾನು ಅನ್ನುವ ಭಯ ಅವರಿಗೂ ಇರುವುದಿಲ್ಲ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಬರುತ್ತಿಲ್ಲ ಅಂತ ನೋಡಿಕೊಂಡು, ಸೆಕೆಂಡ್ ಗೇರ್‌ನಲ್ಲಿ 30ರ ಹತ್ತಿರ ಹೋಗುತ್ತಾ ಕಾಲನ್ನು ಲಿವರ್‌ನಿಂದ ತೆಗೆದು, ಎಕ್ಸಲೇಟರ್ ಜೋರಾಗಿ ಕೊಟ್ಟು ತಕ್ಷಣ ಬಿಡಿ, ಮತ್ತೆ ಕೊಡಿ. ಗೇರ್ ತಾನಾಗಿ ಹಾರಿ ಎಂಜಿನ್ ಸುಮ್ನೆ ಕಿರುಚಿದರೆ ಆ ಗೇರ್ ಹೋಗಿದೆ. ಗೇರ್‌ಗಳ ಪಕ್ಕದಲ್ಲಿ ಒಂದನ್ನೊಂದು ಹಿಡಿಯುವ ದಪ್ಪ ಹಲ್ಲುಗಳಿರುತ್ತವೆ. ಅರ್ಧ ಕ್ಲಚ್‌ನಲ್ಲಿ ಗೇರ್ ತುಳಿದೂ ತುಳಿದೂ ಅವುಗಳ ಅಂಚು ಗುಂಡಗಾಗುತ್ತದೆ, ಭಾರ ಬಿದ್ದಾಗ ಜಾರುತ್ತದೆ. ಒಳಗೆ ಗೇರ್‌ಗಳನ್ನು ಸರಿಸುವ ಫೋರ್ಕ್ ಬಾಗಿದ್ದರೂ ಹೀಗೇ. ಎಲ್ಲಾ ಗೇರ್‌ಗಳಲ್ಲೂ ಇದನ್ನು ಮಾಡಿ, ಆದರೆ ಸೆಕೆಂಡ್ ಮೇಲೆ ಕಣ್ಣು ಜಾಸ್ತಿ ಇರಲಿ. ಒಂದೇ ಒಂದು ಗೇರ್‌ನಲ್ಲಿ ಮಾತ್ರ 'ಊಂ' ಅಂತ ಊಳಿಟ್ಟರೆ ಆ ಜೋಡಿಯ ಹಲ್ಲು ಸವೆದಿದೆ.

ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ರಸ್ತೆ ಇದೆ, ಆಷಾಢದ ಶುಕ್ರವಾರ ಒಂದು ಬಿಟ್ಟು ಹೋಗಿ. ಏರಿನಲ್ಲಿ ಎಂಜಿನ್ ಸದ್ದು ಏರುತ್ತಾ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಇದಕ್ಕೆ ಗೇರ್‌ಬಾಕ್ಸ್ ಬಿಚ್ಚಬೇಕಿಲ್ಲ. ಯಾರೋ ಕಾರಿನ ಆಯಿಲ್ ಹಾಕಿದ್ದರೂ ಹೀಗಾಗಬಹುದು. ಮಂಡ್ಯ ಕಡೆಯವರಿಗೆ ಇಂಥ ಏರು ಹತ್ತಿರದಲ್ಲಿಲ್ಲ, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಟಾಪ್ ಗೇರ್ ಹಾಕಿ, ಕಡಿಮೆ ವೇಗದಿಂದ ಪೂರ್ತಿ ಎಕ್ಸಲೇಟರ್ ಕೊಟ್ಟು ನೋಡಿ. ಹಂಪ್ ಜೋಕೆ. ಹಾಗೇ, ಗಾಡಿ ಹಿಂಭಾಗದಲ್ಲಿ ಹಾಲಿನ ಕ್ಯಾನ್ ನೇತುಹಾಕಿದ ಗುರುತು, ವೆಲ್ಡಿಂಗ್ ಮಾಡಿದ ಕೊಕ್ಕೆ ಇದೆಯಾ ನೋಡಿ. ದಿನಾ ಭಾರ ಹೊತ್ತು ಡೇರಿಗೆ ಓಡಿದ ಗಾಡಿಯ ಮೀಟರ್ ಕಡಿಮೆ ತೋರಿಸಿದರೂ ನಾನಂತೂ ನಂಬುವುದಿಲ್ಲ.

ಯೆಜ್ಡಿ ಆದರೆ

ಯಾದವಗಿರಿಯ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಮೈಸೂರಿನಲ್ಲಿ ಜಾವಾ, ಯೆಜ್ಡಿ ಹುಡುಕುವವರಿಗೆ ಕೊರತೆಯಿಲ್ಲ. ಅದರಲ್ಲಿ ಗೇರ್ ಲಿವರೇ ಕಿಕ್ಕರ್ ಕೂಡ, ಹಾಗಾಗಿ ಲಿವರ್ ಬುಡ ಬೇಗ ಸವೆಯುತ್ತದೆ. ಲಿವರ್ ಒತ್ತಿದಾಗ ಕ್ಲಚ್ ತಾನಾಗಿ ಬಿಡುವ ಏರ್ಪಾಡೂ ಇದೆ. ಅದರ ಸೆಟ್ಟಿಂಗ್ ತಪ್ಪಿದ್ದರೆ ಗೇರ್ ಗಟ್ಟಿ ಅನ್ನಿಸುತ್ತದೆ. ಈ ಗಾಡಿ ಗೊತ್ತಿರುವ ಹಳೇ ಮೆಕ್ಯಾನಿಕ್‌ಗೆ ತೋರಿಸದೆ ಮುಂಗಡ ಕೊಡಬೇಡಿ.

ಚೈನ್, ಕ್ಲಚ್, ಸೀಲ್ ತೊಂದರೆ ಇದ್ದರೆ ಮೆಕ್ಯಾನಿಕ್ ಹತ್ತಿರ ಖರ್ಚು ಕೇಳಿ, ಅಷ್ಟನ್ನು ಬೆಲೆಯಲ್ಲಿ ಇಳಿಸಿ. ಗೇರ್ ಹಾರಿದರೆ ಚೌಕಾಸಿಯೇ ಬೇಡ, ಬೇರೆ ಗಾಡಿ ನೋಡಿ. ಹೊರಡುವ ಮುನ್ನ ಎಂಜಿನ್ ಎರಡು ಹೋಳು ಸೇರುವ ಗೆರೆಯಲ್ಲಿ ಹೊಸ ಪೇಸ್ಟ್ ಕಾಣುತ್ತಾ ನೋಡಿ. ಕಂಡರೆ ಗಾಡಿ ಒಮ್ಮೆ ಬಿಚ್ಚಿದ್ದಾರೆ, ಏನು ಬದಲಾಯಿಸಿದರು, ಬಿಲ್ ಎಲ್ಲಿ ಅಂತ ಕೇಳಿ. ಎಂಜಿನ್ ನಂಬರ್ ಕೊರೆದಿರುವುದು ಅದೇ ಕೇಸಿನ, ಅಂದರೆ ಎಂಜಿನ್ ಹೊರಕವಚದ ಮೇಲೆ. ಕೇಸ್ ಬದಲಾಗಿದ್ದರೆ ಆರ್‌ಸಿಯಲ್ಲಿರುವ ನಂಬರ್‌ಗೆ ಅದು ತಾಳೆಯಾಗುವುದಿಲ್ಲ, ನಾಳೆ ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾಯಿಸಲು ಅಲೆಯುವವರು ನೀವೇ.