ಇಟ್ಟಿಗೆಯೋ, ಹಾಲೋ ಬ್ಲಾಕೋ? ಗೋಡೆ ಲೆಕ್ಕದಲ್ಲಿ ನೋಡಿ

ಮಂಡ್ಯದ ಕಡೆ ಮನೆ ಕಟ್ಟುವವರು ಇಟ್ಟಿಗೆ ರೇಟು ಕೇಳುತ್ತಾರೆ, ಅದನ್ನು ಸುಡಲು ಎಷ್ಟು ಸೌದೆ ಉರಿಯಿತು ಅಂತ ಕೇಳುವುದಿಲ್ಲ. ಒಮ್ಮೆ ಉರಿಯುವ ಗೂಡಿನ ಹತ್ತಿರ ನಿಂತು ನೋಡಿ, ದೂರಕ್ಕೇ ಮುಖಕ್ಕೆ ಝಳ ಹೊಡೆಯುತ್ತದೆ.

ಇಟ್ಟಿಗೆ, ಬ್ಲಾಕು ಮಾಡಲು ಹಿಡಿಯುವ ಶಕ್ತಿಯನ್ನು ಬಿಡಿಬಿಡಿಯಾಗಿ ಹೋಲಿಸಬೇಡಿ, ಎಡವುವುದೇ ಅಲ್ಲಿ. ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಲೆಕ್ಕದಲ್ಲಿ ಒಂದು ಸುಟ್ಟ ಇಟ್ಟಿಗೆಗೆ 4.25 ಮೆಗಾಜೌಲ್ (ಶಕ್ತಿಯ ಅಳತೆ), ಎಂಟಿಂಚಿನ ಹಾಲೋ ಬ್ಲಾಕಿಗೆ, ಅಂದರೆ ಒಳಗೆ ಪೊಳ್ಳಿರುವ ಕಾಂಕ್ರೀಟ್ ಬ್ಲಾಕಿಗೆ, 12ರಿಂದ 15. ಬ್ಲಾಕೇ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಒಂದು ಬ್ಲಾಕಿನ ಜಾಗಕ್ಕೆ, ಗಾರೆ ಸೇರಿಸಿಯೂ, ಏಳೆಂಟು ಇಟ್ಟಿಗೆ ಹಿಡಿಯುತ್ತವೆ. ಹಾಗಾಗಿ ಗೋಡೆಯ ಘನ ಮೀಟರ್ ಲೆಕ್ಕದಲ್ಲಿ ನೋಡಿ: ಇಟ್ಟಿಗೆಗೆ 2141 ಮೆಗಾಜೌಲ್, ಹಾಲೋ ಬ್ಲಾಕಿಗೆ 819ರಿಂದ 971, ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿಗೆ 646ರಿಂದ 810.

ಹಾಲೋ ಬ್ಲಾಕ್ ಮಾಡುವವರ ಹತ್ತಿರ ಸಿಮೆಂಟ್ ಎಷ್ಟು ಪರ್ಸೆಂಟ್ ಅಂತ ತಪ್ಪದೆ ಕೇಳಿ, ಶಕ್ತಿ ಹೆಚ್ಚು ತಿನ್ನುವುದೇ ಅದು. 7 ಪರ್ಸೆಂಟ್ ಇದ್ದರೆ ಬ್ಲಾಕಿಗೆ 12.3 ಮೆಗಾಜೌಲ್, 10 ಆದರೆ 15. ಸುಮ್ನೆ ಸಿಮೆಂಟ್ ಸುರಿಯಬೇಡಿ, ಆದರೆ ಬ್ಲಾಕ್ ಗಟ್ಟಿಯಾಗಲು ನೀರುಣಿಸುವುದರಲ್ಲಿ ಜಿಪುಣತನ ಬೇಡ.

ಮಣ್ಣಿನ ಬ್ಲಾಕಿಗೆ ಗದ್ದೆಯ ಅಂಟು ಮಣ್ಣು ಆಗುವುದಿಲ್ಲ, ಬಿರುಕು ಬಿಡುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣೇ ಬೇಕು. ಗಾಜಿನ ಬಾಟಲಿಯಲ್ಲಿ ಆ ಮಣ್ಣು, ನೀರು ಹಾಕಿ ಕುಲುಕಿ ಇಡಿ, ಮರಳು ಮೊದಲು ತಳ ಸೇರುತ್ತದೆ, ಆ ಪದರ ದಪ್ಪಗಿರಬೇಕು.